ಎರವಲು ತಂದ ಅಂತರ್ಜಾಲ

ನಮ್ಮ ಹಿರಿಯರ ಕಾಲದಲ್ಲಿ ಬೆಳಗ್ಗೆ ಒಲೆ ಹೊತ್ತಿಸಲು ಬೆಂಕಿಪೊಟ್ಟಣವಿಲ್ಲದಿದ್ದರೆ ಪಕ್ಕದ ಮನೆಯಿಂದ ಒಂದು ಕೆಂಡವನ್ನು ಕೇಳಿ ತರುತ್ತಿದ್ದರು. ಹಾಲಿಗೆ ಹೆಪ್ಪಿಲ್ಲದಿದ್ದರೆ ಎದುರು ಮನೆಯವರು ಒಂದು ಸೌಟು ಮಜ್ಜಿಗೆ ಕೊಡುತ್ತಿದ್ದರು. ನೆಂಟರು ಬಂದ ಹೊತ್ತಿನಲ್ಲಿ ಕಾಫಿಪುಡಿ ಮುಗಿದಿದ್ದರೆ ಹಿತ್ತಲ ಗೋಡೆಯ ಮೇಲಿಂದ ಒಂದು ಲೋಟ ಕೈಬದಲಾಗುತ್ತಿತ್ತು. ಈ ಎರವಲುಗಳಲ್ಲಿ ಎರಡು ಬಗೆಗಳಿವೆಯೆಂಬುದನ್ನು ಗೃಹಿಣಿಯರು ಚೆನ್ನಾಗಿ ಬಲ್ಲರು. ಕೆಂಡ ಕೊಟ್ಟವರ ಒಲೆ ಆರುವುದಿಲ್ಲ. ಆದರೆ ಕಾಫಿಪುಡಿ ಕೊಟ್ಟವರ ಡಬ್ಬಿ ಅಷ್ಟರಮಟ್ಟಿಗೆ ಬರಿದಾಗುತ್ತದೆ.

ಇತ್ತೀಚೆಗೆ ನಮ್ಮ ಮನೆಗಳಲ್ಲಿ ಹೊಸದೊಂದು ಎರವಲು ಬಳಕೆಗೆ ಬಂದಿದೆ. ಒಬ್ಬರ ಕೈಯಲ್ಲಿರುವ ಮೊಬೈಲ್ ಫೋನಿನಿಂದ ಇನ್ನೊಬ್ಬರ ಕೈಯ ಟ್ಯಾಬ್ಲೆಟ್‌ಗೆ ತಂತಿಯ ಹಂಗಿಲ್ಲದೆ ಅಂತರ್ಜಾಲವನ್ನು ಕೊಡುವುದೇ ಅದು. ಇದಕ್ಕೆ ಹಾಟ್‌ಸ್ಪಾಟ್ ಎಂಬ ಹೆಸರನ್ನು ಈಗ ಮಕ್ಕಳೂ ಮುದುಕರೂ ಒಂದೇ ಸಮನಾಗಿ ಉಚ್ಚರಿಸುತ್ತಾರೆ. ನೋಡುವುದಕ್ಕೆ ಇದು ಕೆಂಡದಂತೆ ತೋರಿದರೂ ನಿಜವಾಗಿ ಕಾಫಿಪುಡಿಯ ಜಾತಿಗೆ ಸೇರಿದ್ದು. ಈ ಸಂಗತಿ ನನಗೆ ಮನದಟ್ಟಾದದ್ದು ನಿಡಘಟ್ಟದಲ್ಲಿ, ನನ್ನ ಅಕ್ಕನ ಮನೆಯಲ್ಲಿ ಕಳೆದ ಒಂದು ಸಂಜೆ.

ಬೆಂಗಳೂರಿನಿಂದ ಮೈಸೂರಿಗೆ ಹೋಗುವವರಿಗೆ ನಿಡಘಟ್ಟ ಹೊಸ ಹೆಸರಲ್ಲ. ಚನ್ನಪಟ್ಟಣವನ್ನು ದಾಟಿ ಮದ್ದೂರನ್ನು ಮುಟ್ಟುವ ಮೊದಲು, ಮಂಡ್ಯ ಜಿಲ್ಲೆಯ ಹೊಸ್ತಿಲಿನಲ್ಲಿರುವ ಊರು ಇದು. ಹೊಸ ಹೆದ್ದಾರಿಯನ್ನು ಕಟ್ಟುವಾಗ ಕೆಲಸವನ್ನು ಎರಡು ಭಾಗವಾಗಿ ಹಂಚಿದರು. ಬೆಂಗಳೂರಿನಿಂದ ನಿಡಘಟ್ಟದವರೆಗೆ 56 ಕಿಲೋಮೀಟರು ಒಂದು ಭಾಗ. ನಿಡಘಟ್ಟದಿಂದ ಮೈಸೂರಿನವರೆಗೆ 61 ಕಿಲೋಮೀಟರು ಇನ್ನೊಂದು. 2023ರ ಮಾರ್ಚ್ 12ರಂದು ಆ ಹೆದ್ದಾರಿಯ ಉದ್ಘಾಟನೆಯಾಯಿತು. ಹೀಗೆ ವರ್ಷಗಟ್ಟಲೆ ಪತ್ರಿಕೆಗಳಲ್ಲಿ ಈ ಊರಿನ ಹೆಸರು ಅಚ್ಚಾಗುತ್ತಲೇ ಇದ್ದಿತು. ಆದರೆ ಹೆಸರು ಓದಿದವರಲ್ಲಿ ಇಳಿದು ನೋಡಿದವರು ಎಷ್ಟು ಮಂದಿಯೋ! ಗಾಡಿಗಳು ಗಾಳಿಯಂತೆ ಹಾದುಹೋಗುತ್ತವೆ.

ಹಾದುಹೋಗುವುದೆಂದರೆ ಮಂಡ್ಯ ಜಿಲ್ಲೆಗೆ ಅದೇನೂ ಹೊಸ ಅನುಭವವಲ್ಲ. 1902ರಲ್ಲಿ ಮಳವಳ್ಳಿ ಸೀಮೆಯ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಉತ್ಪಾದಿಸಿ, ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಕಳುಹಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದುವು. ತಂತಿ ಹಾದುಹೋದ ದಾರಿಯ ಹಳ್ಳಿಗಳು ಮಾತ್ರ ಬಹುಕಾಲ ಹರಳೆಣ್ಣೆಯ ದೀಪವನ್ನೇ ನೆಚ್ಚಿಕೊಂಡಿದ್ದುವು. ಹತ್ತಿರದಲ್ಲಿ ಹರಿಯುವುದು ಬೇರೆ, ಮನೆಯೊಳಕ್ಕೆ ಬರುವುದು ಬೇರೆ. ಅಂತರ್ಜಾಲದ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ.

ನಮ್ಮ ಭಾವನವರಿಗೆ ಎರಡೆಕರೆ ತೆಂಗಿನ ತೋಟವಿದೆ. ಮದ್ದೂರಿನ ಎಳನೀರು ಮಾರುಕಟ್ಟೆ ಹೆಸರುವಾಸಿಯಾದದ್ದಷ್ಟೆ; ಅಲ್ಲಿನ ವ್ಯಾಪಾರಿಗಳೊಡನೆ ಅವರ ವ್ಯವಹಾರ. ಮನೆಗೆಲ್ಲ ಒಂದೇ ಒಳ್ಳೆಯ ಫೋನು, ಅದು ಭಾವನವರದು. ಅದರಲ್ಲಿ ಎರಡು ಸಿಮ್. ಒಂದು ಮನೆಯ ಸಂಖ್ಯೆ, ಅಂತರ್ಜಾಲ ಬರುವುದು ಅದರಿಂದ. ಇನ್ನೊಂದು ಹಳೆಯ ಸಂಖ್ಯೆ, ವ್ಯಾಪಾರಿಗಳಿಗೆಲ್ಲ ಗೊತ್ತಿರುವುದು ಅದೇ. ಮಗಳ ಓದಿಗೆಂದು ನೆಂಟರೊಬ್ಬರು ಕೊಡಿಸಿದ ಟ್ಯಾಬ್ಲೆಟ್ ಒಂದಿದೆ. ಅದು ಸಿಮ್ ಹಾಕಲು ಜಾಗವಿಲ್ಲದ ಬಗೆಯದು. ಅಗ್ಗದ ದರಕ್ಕೆ ಸಿಕ್ಕುವ ಟ್ಯಾಬ್ಲೆಟ್‌ಗಳಲ್ಲಿ ಅನೇಕವು ಹೀಗೆಯೇ ಇರುತ್ತವೆ. ತಾವಾಗಿ ಗೋಪುರದೊಡನೆ ಮಾತನಾಡಲಾರವು. ಯಾರಾದರೂ ವೈ-ಫೈ ಮೂಲಕ ಕೈಹಿಡಿಯಬೇಕು.

ಪರಿಣಾಮವೇನೆಂದರೆ, ಭಾವ ತೋಟಕ್ಕೆ ಹೊರಟರೆ ಮನೆಯ ಅಂತರ್ಜಾಲವೂ ಅವರ ಜೇಬಿನಲ್ಲಿ ಕುಳಿತು ತೋಟಕ್ಕೆ ಹೊರಡುತ್ತಿತ್ತು. ಹುಡುಗಿಯ ಪಾಠ ಅವರು ಊಟಕ್ಕೆ ಬಂದಾಗ ಮುಂದುವರಿಯುತ್ತಿತ್ತು. 2020ರಲ್ಲಿ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ ಇದು ಎಷ್ಟು ಮನೆಗಳ ಕಥೆಯಾಗಿರಲಿಲ್ಲ! ಆಗ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದುವು. 2021ರ ಜೂನ್‌ನಲ್ಲಿ ಸರ್ಕಾರ ತನ್ನ ಪದವಿ ಕಾಲೇಜು, ಪಾಲಿಟೆಕ್ನಿಕ್ ಮುಂತಾದವುಗಳ ವಿದ್ಯಾರ್ಥಿಗಳಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಟ್ಯಾಬ್ಲೆಟ್ ಹಂಚಲು ಆರಂಭಿಸಿತು. ಉಪಕರಣ ಕೈಗೆ ಬರುವುದು ಅರ್ಧ ಕೆಲಸ. ಅದಕ್ಕೆ ಜಾಲ ಬೇಕೆಂಬುದು ಉಳಿದರ್ಧ.

ನಾನು ಹೋದ ದಿನ ಮನೆಯಲ್ಲಿ ಮುಖಗಳು ಬಿಗಿದುಕೊಂಡಿದ್ದುವು. ಸಿ.ಇ.ಟಿ. ಬರೆದಿದ್ದ ನನ್ನ ಸೋದರಸೊಸೆ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ತನ್ನ ಇಚ್ಛೆಗಳನ್ನು ದಾಖಲಿಸಲು ಅಂದೇ ಕೊನೆಯ ದಿನ. ಯಾವ ಕಾಲೇಜು, ಯಾವ ವಿಷಯ ಎಂಬುದನ್ನು ಮೊದಲನೆಯದು, ಎರಡನೆಯದು ಎಂದು ಅನುಕ್ರಮವಾಗಿ ನಮೂದಿಸಬೇಕು. ಪಡೆದ ಕ್ರಮಾಂಕಕ್ಕೆ ಮೇಲಿನಿಂದ ಮೊದಲು ಎಟುಕುವ ಸ್ಥಾನ ಯಾವುದೋ ಅದು ದೊರೆಯುತ್ತದೆ. ಆದುದರಿಂದ ಅನುಕ್ರಮ ತಪ್ಪಿದರೆ ಬಾಳಿನ ದಾರಿಯೇ ಬೇರೆಯಾದೀತು. ಕೊನೆಯ ದಿನದವರೆಗೂ ತಡವಾದದ್ದೇಕೆಂದರೆ ತಂದೆಮಗಳ ನಡುವೆ ಅನುಕ್ರಮವೇ ತೀರ್ಮಾನವಾಗಿರಲಿಲ್ಲ. ಮಗಳಿಗೆ ಕೃಷಿ ಓದುವ ಆಸೆ, ಮಂಡ್ಯದ ವಿ.ಸಿ. ಫಾರಂ ಕಾಲೇಜು ಅವಳ ಕಣ್ಣಿನಲ್ಲಿತ್ತು. ಭಾವನವರಿಗೆ ಬೆಂಗಳೂರಿನ ಎಂಜಿನಿಯರಿಂಗ್.

"ಮಣ್ಣು ತುಳಿಯೋದು ನನ್ನ ತಲೆಗೇ ಸಾಕು ಕಣವ್ವ. ಓದಿ ಮತ್ತೆ ತೋಟಕ್ಕೇ ಬರೋದಾದ್ರೆ ಓದು ಯಾಕೆ?" ಎಂದು ಅವರು ಹೇಳಿದ್ದರಂತೆ.

ಹುಡುಗಿ ಒಂದು ಹಾಳೆಯಲ್ಲಿ ನಲವತ್ತು ಸಾಲುಗಳನ್ನು ಬರೆದಿಟ್ಟಿದ್ದಳು. ಫೋನಿನ ಪುಟ್ಟ ತೆರೆಯ ಮೇಲೆ ಅವುಗಳ ಸಂಕೇತಗಳನ್ನು ಒತ್ತುವಾಗ ಬೆರಳು ಪಕ್ಕದ ಸಾಲಿಗೆ ಹಾರುತ್ತಿತ್ತು. ಟ್ಯಾಬ್ಲೆಟ್ ಆದರೆ ಅಗಲವಾಗಿ ಕಾಣುತ್ತದೆ. "ಮಾವ, ಅಪ್ಪನ ಫೋನಿನಿಂದ ನೆಟ್ ಕೊಟ್ರೂ ಟ್ಯಾಬ್ ತಗೊಳ್ತಾ ಇಲ್ಲ, ಸ್ವಲ್ಪ ನೋಡ್ತೀರಾ?" ಎಂದಳು. ಪಟ್ಟಣದಿಂದ ಬಂದವನಿಗೆ ಎಲ್ಲ ತಿಳಿದಿರುತ್ತದೆಂಬ ನಂಬಿಕೆ ಇನ್ನೂ ಹಳ್ಳಿಗಳಲ್ಲಿ ಉಳಿದಿದೆ. ಅದನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ.

ಇಲ್ಲಿ ಓದುಗರಿಗಾಗಿ ಒಂದೆರಡು ಮಾತು. ಹಾಟ್‌ಸ್ಪಾಟ್ ಎಂದರೆ ಫೋನು ಏಕಕಾಲದಲ್ಲಿ ಎರಡು ಸಂಭಾಷಣೆಗಳನ್ನು ನಡೆಸುವುದು. ಒಂದು ಕಡೆ ದೂರದ ಗೋಪುರದೊಡನೆ, ಇನ್ನೊಂದು ಕಡೆ ಮನೆಯೊಳಗಿನ ಟ್ಯಾಬ್ಲೆಟ್‌ನೊಡನೆ. ನಡುವೆ ದುಭಾಷಿಯಂತೆ ನಿಂತು ಇವರ ಮಾತನ್ನು ಅವರಿಗೂ ಅವರ ಮಾತನ್ನು ಇವರಿಗೂ ಮುಟ್ಟಿಸುತ್ತದೆ. ಹೊರಗಿನ ಜಗತ್ತಿಗೆ ಟ್ಯಾಬ್ಲೆಟ್ ಕಾಣಿಸುವುದೇ ಇಲ್ಲ. ಕೇಳಿದ್ದೆಲ್ಲ ಫೋನೇ ಕೇಳಿತೆಂದು ಲೆಕ್ಕ. ಖರ್ಚೂ ಫೋನಿನ ಖಾತೆಗೇ.

ಮಾಡತಕ್ಕ ವಿಧಾನ ಸುಲಭ. ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು, ನೆಟ್‌ವರ್ಕ್ ಎಂಬ ವಿಭಾಗದಲ್ಲಿ ಹಾಟ್‌ಸ್ಪಾಟ್ ಮತ್ತು ಟೆದರಿಂಗ್ ಎಂಬಲ್ಲಿಗೆ ಹೋಗಬೇಕು. ಐಫೋನಿನಲ್ಲಿ ಪರ್ಸನಲ್ ಹಾಟ್‌ಸ್ಪಾಟ್ ಎಂದಿರುತ್ತದೆ. ಅಲ್ಲಿ ಜಾಲದ ಹೆಸರೂ ಪಾಸ್‌ವರ್ಡೂ ಕಾಣುತ್ತವೆ. ಗುಂಡಿಯನ್ನು ಒತ್ತಿ ಚಾಲನೆ ಕೊಟ್ಟು, ಟ್ಯಾಬ್ಲೆಟ್‌ನ ವೈ-ಫೈ ಪಟ್ಟಿಯಲ್ಲಿ ಅದೇ ಹೆಸರನ್ನು ಹುಡುಕಿ, ಪಾಸ್‌ವರ್ಡ್ ಬರೆದರಾಯಿತು. ಒಮ್ಮೆ ಪರಿಚಯವಾದ ಮೇಲೆ ಮುಂದಿನ ಸಲ ಟ್ಯಾಬ್ಲೆಟ್ ತಾನೇ ಗುರುತು ಹಿಡಿಯುತ್ತದೆ. ಪಾಸ್‌ವರ್ಡ್ ಬರೆಯುವುದು ತೊಡಕಾದರೆ ಫೋನು ತೋರಿಸುವ ಚೌಕಾಕಾರದ ಸಂಕೇತಕ್ಕೆ ಟ್ಯಾಬ್ಲೆಟ್‌ನ ಕ್ಯಾಮೆರಾ ಹಿಡಿದರೂ ಸಾಕು.

ಇಷ್ಟೆಲ್ಲವನ್ನೂ ಹುಡುಗಿ ಆಗಲೇ ಮಾಡಿದ್ದಳು. ಆದರೆ ಟ್ಯಾಬ್ಲೆಟ್‌ನ ಪಟ್ಟಿಯಲ್ಲಿ ಅಪ್ಪನ ಫೋನಿನ ಹೆಸರೇ ಇಲ್ಲ! ನೋಡಲಾಗಿ, ಫೋನು 5 ಗಿಗಾಹರ್ಟ್ಸ್ ಎಂಬ ಪಟ್ಟಿಯಲ್ಲಿ ಪ್ರಸಾರ ಮಾಡುತ್ತಿತ್ತು. ವೈ-ಫೈ ಅಲೆಗಳಿಗೆ ಮುಖ್ಯವಾಗಿ ಎರಡು ಹಾದಿಗಳು. ಸೆಕೆಂಡಿಗೆ ಸುಮಾರು 240 ಕೋಟಿ ಸಲ ಕಂಪಿಸುವುದೊಂದು, 500 ಕೋಟಿಗೂ ಮೀರಿ ಕಂಪಿಸುವುದು ಇನ್ನೊಂದು. ಎರಡನೆಯದು ವೇಗಶಾಲಿ, ಮೊದಲನೆಯದು ನಿಧಾನಿಯಾದರೂ ಗೋಡೆಗಳನ್ನು ದಾಟುವುದರಲ್ಲಿ ಗಟ್ಟಿಗ. ಅಗ್ಗದ ಅಥವಾ ಹಳೆಯ ಉಪಕರಣಗಳಲ್ಲಿ ಕೆಲವಕ್ಕೆ ಮೊದಲನೆಯ ಹಾದಿಯೊಂದೇ ಗೊತ್ತು. ಫೋನನ್ನು 2.4 ಗಿಗಾಹರ್ಟ್ಸ್‌ಗೆ ಬದಲಿಸಿದೊಡನೆ ಹೆಸರು ಮೂಡಿತು. ಐಫೋನಿನಲ್ಲಿ ಇದೇ ಕೆಲಸಕ್ಕೆ ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ ಎಂಬ ಗುಂಡಿಯಿರುತ್ತದೆ.

ಹುಡುಗಿಯ ಮುಖ ಅರಳಿತು, ಮರುಕ್ಷಣವೇ ಬಾಡಿತು. "ಕನೆಕ್ಟ್ ಆಗಿದೆ ಅಂತಿದೆ, ಆದ್ರೆ ಇಂಟರ್ನೆಟ್ ಇಲ್ಲ ಅಂತಲೂ ಅಂತಿದೆ!" ಮನೆಗೆ ಬಾವಿಯ ಹಗ್ಗ ಎಳೆದದ್ದಾಯಿತು, ಬಾವಿಯಲ್ಲಿ ನೀರಿಲ್ಲ, ಎಂದ ಹಾಗೆ. ಟ್ಯಾಬ್ಲೆಟ್ ಫೋನನ್ನು ತಲುಪಿದೆ. ಫೋನು ಹೊರಗಿನ ಜಗತ್ತನ್ನು ತಲುಪಿಲ್ಲವೆಂದು ಇದರ ಅರ್ಥ. ಇದಕ್ಕೆ ಸಾಮಾನ್ಯವಾಗಿ ಮೂರು ಕಾರಣಗಳು: ಫೋನಿನಲ್ಲಿ ಮೊಬೈಲ್ ಡೇಟಾ ಆರಿಸಿರುವುದು, ಆ ದಿನದ ಪಾಲು ಮುಗಿದಿರುವುದು, ಇಲ್ಲವೆ ಗೋಪುರದ ಅಲೆಯೇ ಕ್ಷೀಣವಾಗಿರುವುದು. ಭಾವನವರು ಚಾರ್ಜು ಉಳಿಯಲೆಂದು ಡೇಟಾ ಆರಿಸಿಡುವ ಅಭ್ಯಾಸದವರು. ಅದನ್ನು ಹಾಕಿದೆವು. ಫೋನನ್ನು ನಡುಮನೆಯ ಗೂಡಿನಿಂದ ತೆಗೆದು ಬೀದಿಯ ಕಿಟಕಿಯ ಬಳಿ ಇಟ್ಟೆವು. ಅನೇಕರು ಟ್ಯಾಬ್ಲೆಟ್ ಹಿಡಿದು ಮನೆಯೆಲ್ಲ ಸುತ್ತುತ್ತಾರೆ, ಅದರಿಂದ ಪ್ರಯೋಜನವಿಲ್ಲ. ಫೋನಿಗೆ ಗೋಪುರ ಚೆನ್ನಾಗಿ ಸಿಕ್ಕಬೇಕು, ಟ್ಯಾಬ್ಲೆಟ್‌ಗೆ ಫೋನು ಸಮೀಪವಿರಬೇಕು. ಇದಿಷ್ಟೇ ಗುಟ್ಟು.

ಜಾಲತಾಣ ತೆರೆಯಿತು. ಹುಡುಗಿ ಹಾಳೆ ನೋಡಿಕೊಂಡು ಒಂದೊಂದಾಗಿ ತುಂಬತೊಡಗಿದಳು. ಆರನೆಯ ಸಾಲಿಗೆ ಬಂದಾಗ ಕಿಟಕಿಯ ಬಳಿ ಫೋನು ಬಾರಿಸಿತು. ಭಾವ ಎದ್ದು ಹೋಗಿ ಮಾತನಾಡಿದರು. ಟ್ಯಾಬ್ಲೆಟ್‌ನಲ್ಲಿ ಜಾಲ ಸತ್ತುಹೋಯಿತು. ಮಾತು ಮುಗಿಯಿತು, ಜಾಲ ಮರಳಿತು. ಮತ್ತೆ ಒಳಹೊಕ್ಕು ಮೊದಲಿನಿಂದ ನೋಡಿಕೊಂಡು ಒಂಬತ್ತನೆಯ ಸಾಲಿಗೆ ಬರುವಷ್ಟರಲ್ಲಿ ಮತ್ತೆ ಕರೆ, ಮತ್ತೆ ಕತ್ತಲೆ. ಅಕ್ಕ ದೇವರ ಮನೆಯ ಕಡೆ ನೋಡಿದಳು. ನಾನು ಗೋಪುರವನ್ನು ಶಂಕಿಸಿದೆ, ಹೊರಗಿನ ಮಳೆಯನ್ನು ಶಂಕಿಸಿದೆ. ಮೂರನೆಯ ಸಲ ಹುಡುಗಿಯೇ ಕಂಡುಹಿಡಿದಳು: "ಮಾವ, ಅಮ್ಮನ ಫೋನಿಂದ ಅಪ್ಪಂಗೆ ಕರೆ ಮಾಡಿ ನೋಡಿದೆ, ನೆಟ್ ಹೋಗಲಿಲ್ಲ. ವ್ಯಾಪಾರಿಗಳ ನಂಬರಿಗೆ ಬಂದಾಗ ಮಾತ್ರ ಹೋಗುತ್ತೆ!"

ಅವಳ ಊಹೆ ಸರಿ. ಎರಡು ಸಿಮ್ ಇರುವ ಫೋನುಗಳಲ್ಲಿ ಬಹುಪಾಲಿಗೆ ಎರಡು ಬಾಯಿಗಳಿದ್ದರೂ ಗಂಟಲು ಒಂದೇ. ಅಂತರ್ಜಾಲ ಕೊಡುತ್ತಿರುವ ಸಂಖ್ಯೆಗೇ ಕರೆ ಬಂದರೆ, ಈಗಿನ 4ಜಿ ಪದ್ಧತಿಯಲ್ಲಿ ಮಾತೂ ಜಾಲವೂ ಜೊತೆಯಾಗಿ ಸಾಗುತ್ತವೆ. ಆದರೆ ಇನ್ನೊಂದು ಸಂಖ್ಯೆಯಲ್ಲಿ ಮಾತು ನಡೆಯುವಾಗ ಮೊದಲನೆಯದರ ಅಂತರ್ಜಾಲ ಸಾಮಾನ್ಯವಾಗಿ ತಡೆಹಿಡಿಯಲ್ಪಡುತ್ತದೆ. ಫೋನು ಕೆಟ್ಟಿಲ್ಲ, ಗೋಪುರ ಕೆಟ್ಟಿಲ್ಲ. ಅದರ ರಚನೆಯೇ ಹಾಗೆ. ಪರಿಹಾರವೂ ಸರಳವೇ: ಕೆಲಸ ಮುಗಿಯುವವರೆಗೆ ಎರಡನೆಯ ಸಿಮ್ಮನ್ನು ಸೆಟ್ಟಿಂಗ್ಸ್‌ನಲ್ಲಿ ಆರಿಸುವುದು.

ಹೇಳುವುದಕ್ಕೆ ಸರಳ. ಆದರೆ ಆ ಸಂಜೆ ಭಾವನವರು ಮದ್ದೂರಿನಿಂದ ಬರಬೇಕಾಗಿದ್ದ ಒಂದು ಕರೆಗಾಗಿ ಕಾದಿದ್ದರು. ಮರುದಿನ ಬೆಳಗ್ಗೆ ಕಾಯಿ ಕೀಳಿಸಬೇಕಾಗಿತ್ತು. ದರ ಹೇಳುವ ವ್ಯಾಪಾರಿಗೆ ಇವರು ಸಿಕ್ಕದಿದ್ದರೆ ಆತ ಪಕ್ಕದ ತೋಟಕ್ಕೆ ಹೋಗುತ್ತಾನೆ. ಅದೂ ಅಲ್ಲದೆ, ಇವರು ಸಿಮ್ ಆರಿಸುವುದು ಯಾವ ಪಟ್ಟಿಗಾಗಿ? ತಾವು ಒಪ್ಪದ ಅನುಕ್ರಮದ ಪಟ್ಟಿಗಾಗಿ. ಯಾರೂ ಏನೂ ಹೇಳಲಿಲ್ಲ. ಹುಡುಗಿ ಕೈಯಲ್ಲಿದ್ದ ಹಾಳೆಯನ್ನು ಮಡಿಸುತ್ತ ಬಿಚ್ಚುತ್ತ ಕುಳಿತಿದ್ದಳು.

ಭಾವ ಆ ಹಾಳೆಯನ್ನು ಕೇಳಿ ತೆಗೆದುಕೊಂಡರು. ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು. ಕೃಷಿ ಕಾಲೇಜುಗಳ ಕೆಳಗೆ, ಅವರು ಹೇಳಿದ್ದ ಎಂಜಿನಿಯರಿಂಗ್ ಕಾಲೇಜುಗಳೂ ಒಂದೂ ಬಿಡದೆ ಇದ್ದುವು. "ನಾನು ಹೇಳಿದ್ದನ್ನೂ ಬರ್ದಿದ್ದೀಯಲ್ಲ" ಎಂದರು. ಆಮೇಲೆ ಫೋನನ್ನು ನನ್ನ ಕೈಗಿತ್ತು, "ಆ ಸಿಮ್ ಹೆಂಗೆ ಆಫ್ ಮಾಡೋದು ತೋರ್ಸಿ. ಕಾಯಿ ಮರದಲ್ಲೇ ಇರ್ತದೆ, ಎರಡು ದಿನ ತಡವಾದ್ರೆ ಏನೂ ಆಗಲ್ಲ" ಎಂದರು.

ಒಂದು ಗಂಟೆಯ ಕಾಲ ಆ ಮನೆಯಲ್ಲಿ ಫೋನು ಬಾರಿಸಲಿಲ್ಲ. ನಲವತ್ತು ಸಾಲುಗಳೂ ಅವಳು ಬರೆದ ಅನುಕ್ರಮದಲ್ಲೇ ದಾಖಲಾದುವು. ಅಕ್ಕ ಬಿಸಿ ಮುದ್ದೆ ಬಡಿಸುವ ಹೊತ್ತಿಗೆ ಹುಡುಗಿ ಕೊನೆಯ ಗುಂಡಿಯನ್ನು ಒತ್ತಿ ಕಣ್ಣೊರೆಸಿಕೊಂಡಳು.

ಇಷ್ಟು ಹೇಳಿದ ಮೇಲೆ ಈ ಎರವಲಿನ ಲೆಕ್ಕವನ್ನೂ ಹೇಳಬೇಕು. ಟ್ಯಾಬ್ಲೆಟ್ ತಾನು ವೈ-ಫೈಯಲ್ಲಿ ಇದ್ದೇನೆಂದು ತಿಳಿದರೆ ಉದಾರಿಯಾಗಿಬಿಡುತ್ತದೆ. ಯಾರೂ ಕೇಳದಿದ್ದರೂ ಹಿನ್ನೆಲೆಯಲ್ಲಿ ತಂತ್ರಾಂಶಗಳನ್ನು ನವೀಕರಿಸಿಕೊಳ್ಳುತ್ತದೆ, ಚಿತ್ರಗಳನ್ನು ದೂರದ ಭಂಡಾರಕ್ಕೆ ಸಾಗಿಸುತ್ತದೆ. ಅಗಲವಾದ ತೆರೆಯಾದ್ದರಿಂದ ಚಲನಚಿತ್ರವನ್ನೂ ಹೆಚ್ಚು ಸ್ಪಷ್ಟತೆಯಲ್ಲಿ ತರಿಸಿಕೊಳ್ಳುತ್ತದೆ. ಒಳ್ಳೆಯ ಸ್ಪಷ್ಟತೆಯ ಚಿತ್ರಕ್ಕೆ ಗಂಟೆಗೆ 1 ಜಿಬಿಗೂ ಹೆಚ್ಚು ಹಿಡಿಯಬಹುದು. ದಿನಕ್ಕೆ ಒಂದೂವರೆ ಜಿಬಿಯ ಪಾಲಿರುವ ಮನೆಗೆ ಇದು ಭಾರ. ಆದುದರಿಂದ ಟ್ಯಾಬ್ಲೆಟ್‌ನಲ್ಲಿ ಈ ಜಾಲದ ಹೆಸರನ್ನು ಒತ್ತಿ, ಅದನ್ನು ಮೀಟರ್ಡ್ ಎಂದು, ಅಂದರೆ ಅಳೆದು ಬಳಸತಕ್ಕದ್ದೆಂದು ಗುರುತು ಮಾಡಬೇಕು. ಐಪ್ಯಾಡ್‌ನಲ್ಲಿ ಲೋ ಡೇಟಾ ಮೋಡ್ ಎಂದಿದೆ. ಆಗ ಅದು ಕೈಹಿಡಿತದಿಂದ ನಡೆದುಕೊಳ್ಳುತ್ತದೆ.

ಫೋನು ಎರಡು ಕಡೆ ದುಡಿಯುವುದರಿಂದ ಬಿಸಿಯಾಗುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ದಿಂಬಿನ ಕೆಳಗೆ, ಬಿಸಿಲಿನಲ್ಲಿ ಇಡಬಾರದು. ಟ್ಯಾಬ್ಲೆಟ್‌ಗೆ ಒಪ್ಪುವುದಾದರೆ ಯು.ಎಸ್.ಬಿ. ತಂತಿಯ ಮೂಲಕವೂ ಜಾಲ ಕೊಡಬಹುದು. ಬ್ಲೂಟೂತ್ ಮೂಲಕ ಕೊಟ್ಟರೆ ವೇಗ ಕಡಿಮೆ, ಆದರೆ ಬ್ಯಾಟರಿ ಉಳಿಯುತ್ತದೆ. ಅಂಚೆ ಓದುವಷ್ಟಕ್ಕೆ ಅದು ಸಾಕು. ಅಡುಗೆಮನೆಯಲ್ಲಿ ಮೈಕ್ರೋವೇವ್ ಒಲೆ ಇರುವವರು ಒಂದು ವಿಷಯ ಗಮನಿಸಬೇಕು: ಆ ಒಲೆಯೂ 2.4 ಗಿಗಾಹರ್ಟ್ಸ್ ಹಾದಿಯಲ್ಲೇ ಕೆಲಸ ಮಾಡುವುದು. ಸಾರು ಬಿಸಿಯಾಗುವಾಗ ಪಾಠ ತೊದಲಿದರೆ ಅಚ್ಚರಿಯಿಲ್ಲ.

ಪಾಸ್‌ವರ್ಡ್ ಇಲ್ಲದೆ ಹಾಟ್‌ಸ್ಪಾಟ್ ತೆರೆದಿಡುವುದು ಹಿತ್ತಲ ಬಾಗಿಲನ್ನು ತೆರೆದಿಟ್ಟು ಮಲಗಿದಂತೆ. ಕನಿಷ್ಠ 8 ಅಕ್ಷರಗಳಿರಬೇಕೆಂಬುದು ನಿಯಮ. ಒಂದರಿಂದ ಎಂಟರವರೆಗಿನ ಅಂಕಿಗಳನ್ನು ಸಾಲಾಗಿ ಬರೆದು ನಿಯಮ ಪಾಲಿಸಿದೆವೆಂದು ಸಮಾಧಾನಪಡುವವರಿದ್ದಾರೆ. ಕಳ್ಳನಿಗೂ ಎಂಟರವರೆಗೆ ಎಣಿಸಲು ಬರುತ್ತದೆ. ನಿಮ್ಮ ಫೋನಿನ ಜಾಲದಲ್ಲಿ ಯಾರು ಏನು ಮಾಡಿದರೂ ಅದರ ಜಾಡು ಮೊದಲು ನಿಮ್ಮ ಸಂಖ್ಯೆಯ ಕಡೆಗೇ ಬರುತ್ತದೆಂಬುದನ್ನು ಮರೆಯಬಾರದು. ರೈಲಿನಲ್ಲಿ ಪಕ್ಕದವರು ಕೇಳಿದರೆಂದು ದಾಕ್ಷಿಣ್ಯಕ್ಕೆ ಕೊಟ್ಟರೂ ಇಳಿಯುವ ಮೊದಲು ಆರಿಸಿ, ಮನೆಗೆ ಬಂದು ಪಾಸ್‌ವರ್ಡ್ ಬದಲಿಸುವುದು ಲೇಸು.

ಮೈಸೂರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಹುಟ್ಟಿ ಬೆಳೆದದ್ದು ಆ ಮನೆಯಂಗಳದಲ್ಲಿ. ಮುಂದೆ ದಶಕಗಳ ಕಾಲ ರೇಡಿಯೋ ಪೆಟ್ಟಿಗೆ ಇಟ್ಟುಕೊಳ್ಳುವುದಕ್ಕೂ ಅಂಚೆಕಚೇರಿಯಲ್ಲಿ ಹಣ ಕಟ್ಟಿ ಪರವಾನಗಿ ಪಡೆಯಬೇಕಾಗಿತ್ತು. ಕೇಳುವುದಕ್ಕೇ ಅಪ್ಪಣೆ ಬೇಕಾಗಿದ್ದ ದೇಶದಲ್ಲಿ, 2.4 ಗಿಗಾಹರ್ಟ್ಸ್ ಹಾದಿಯ ಅಲ್ಪಶಕ್ತಿಯ ಉಪಕರಣಗಳಿಗೆ 2005ರಲ್ಲಿ ಪರವಾನಗಿಯಿಂದ ವಿನಾಯಿತಿ ದೊರೆಯಿತು. ಇಂದು ನಮ್ಮ ಜೇಬಿನಲ್ಲಿರುವುದು ಒಂದು ಪುಟ್ಟ ಪ್ರಸಾರ ನಿಲಯ. ಅದರ ವ್ಯಾಪ್ತಿ ನಾಲ್ಕು ಗೋಡೆಗಳಷ್ಟೆ. ಆದರೆ ಆ ನಾಲ್ಕು ಗೋಡೆಗಳೊಳಗೆ ಅದನ್ನು ಯಾರಿಗೆ, ಎಷ್ಟು ಹೊತ್ತು ತೆರೆಯಬೇಕೆಂಬುದನ್ನು ತೀರ್ಮಾನಿಸುವವರು ಫೋನಿನ ಯಜಮಾನರು. ಬಹುಮಟ್ಟಿಗೆ ಅವರು ಮನೆಯ ಗಂಡಸರೇ. ಓದುವ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಇದನ್ನು ಕೊಂಚ ಯೋಚಿಸಬೇಕು.

ನಿಡಘಟ್ಟದಲ್ಲಿ ಅವರು ಯೋಚಿಸಿದರು. ಅಲಮಾರಿನಲ್ಲಿ ಗಾಜು ಬಿರುಕುಬಿಟ್ಟು ಬಿದ್ದಿದ್ದ ಹಳೆಯ ಫೋನೊಂದಿತ್ತು. ಮಾತನಾಡಲು ಅಯೋಗ್ಯವಾದರೂ ಹಾಟ್‌ಸ್ಪಾಟ್ ಕೊಡಲು ಅದಕ್ಕೇನೂ ತೊಂದರೆಯಿರಲಿಲ್ಲ. ಅದಕ್ಕೊಂದು ಅಗ್ಗದ ಸಿಮ್ ಹಾಕಿಸಿ ಬೀದಿಯ ಕಿಟಕಿಯ ಬಳಿ ಕಾಯಂ ಆಗಿ ಇಟ್ಟರು. ಈಗ ಭಾವ ತೋಟಕ್ಕೆ ಹೋದರೂ ಜಾಲ ಮನೆಯಲ್ಲೇ ಇರುತ್ತದೆ. ಅನೇಕರ ಮನೆಯಲ್ಲಿ ಇಂಥ ನಿವೃತ್ತ ಫೋನುಗಳಿವೆ. ಬ್ಯಾಟರಿ ಉಬ್ಬಿಲ್ಲವೆಂಬುದನ್ನು ನೋಡಿಕೊಂಡು ಅವನ್ನು ಈ ಕೆಲಸಕ್ಕೆ ಹಚ್ಚಬಹುದು.

ಸ್ಥಾನ ಹಂಚಿಕೆಯಾದಾಗ ಹುಡುಗಿಗೆ ಮೊದಲನೆಯ ಇಚ್ಛೆ ದೊರೆಯಲಿಲ್ಲ. ಮೂರನೆಯದು ದೊರೆಯಿತು: ಹಾಸನದ ಕೃಷಿ ಕಾಲೇಜು. ಭಾವನವರೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಹಾಸ್ಟೆಲಿಗೆ ಸೇರಿಸಿ ಬಂದರು. ಟ್ಯಾಬ್ಲೆಟ್ ಮನೆಯಲ್ಲೇ ಉಳಿದಿದೆ. ಸಂಜೆ ಅಕ್ಕ ಅದನ್ನು ಕಿಟಕಿಯ ಮೇಲಿಟ್ಟು ಮಗಳ ಮುಖ ನೋಡಿ ಮಾತನಾಡುತ್ತಾಳೆ. ಮೊನ್ನೆ ನಾನು ಹೋಗಿದ್ದಾಗ ಭಾವನವರು ಟ್ಯಾಬ್ಲೆಟ್ ಮುಂದೆ ಒಂದು ತೆಂಗಿನ ಗರಿಯನ್ನು ಹಿಡಿದು, "ನೋಡವ್ವ, ಇಲ್ಲಿ ಹುಳ ಬಿದ್ದದೆ. ಇದಕ್ಕೇನು ಮಾಡ್ಬೇಕು, ನಿಮ್ಮ ಮೇಷ್ಟ್ರನ್ನ ಕೇಳಿ ಹೇಳು" ಎನ್ನುತ್ತಿದ್ದರು.